ಐವತ್ತೆರಡನೇ ನಿಮಿಷದ ನಗು

ಅಂಕೋಲಾ, ಉಪ್ಪುಗೆರೆಯ ಅರವತ್ತೊಂದನೇ ವರ್ಷ, ಫೆಬ್ರುವರಿ ೩೦
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೧೪೯. ಫೆಬ್ರುವರಿಗೆ ಮೂವತ್ತು ದಿನ ಬಂದು ಬಹಳ ಕಾಲವಾಯಿತು, ಆ ಕಥೆ ಇಲ್ಲಿ ಬೇಡ.)

ನೂರಿಪ್ಪತ್ತೈದು ವರ್ಷ ಹಿಂದಿನ ಹೈಸ್ಕೂಲು ಭಾಷಾ ಶಿಕ್ಷಕರಿಗೆ ಬೊಮ್ಮಯ್ಯ ವೆಂಕಣ್ಣ ನಾಯಕನ ನಮಸ್ಕಾರಗಳು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಮ್ಮಲ್ಲಿ ಹಿಂದಂಚೆ ಎಂಬ ವ್ಯವಸ್ಥೆ ಇದೆ. ಹಿಂದಿನ ಕಾಲದವರಿಗೆ ಒಬ್ಬ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಕಾಗದ ಬರೆಯಬಹುದು, ಉತ್ತರ ಮಾತ್ರ ಬರುವುದಿಲ್ಲ. ಜನ ಅದನ್ನು ಮುತ್ತಜ್ಜಿಯ ಆಶೀರ್ವಾದ ಬೇಡುವುದಕ್ಕೆ ಬಳಸುತ್ತಾರೆ. ನಾನು ನಿಮ್ಮನ್ನು ಬೈಯುವುದಕ್ಕೆ ಬಳಸುತ್ತಿದ್ದೇನೆ, ವಿತ್ ಡ್ಯೂ ರೆಸ್ಪೆಕ್ಟ್. ಕಾಲೇಜಿನಲ್ಲಿ ಇಂಗ್ಲಿಷು ಮೇಜರ್ ಮಾಡಿದವನು ನಾನು. ಅರ್ಧ ಮರೆತಿದೆ. ನಲವತ್ತು ವರ್ಷ ದೋಣಿ ನಿಲ್ದಾಣದಲ್ಲಿ ಟೈಂಕೀಪರ್ ಆಗಿದ್ದವನಿಗೆ ಇಂಗ್ಲಿಷಿನ ಅಗತ್ಯವೂ ಬೀಳಲಿಲ್ಲ.

ನನ್ನ ಹೆಂಡತಿ ಶೇವಂತಿ ಇಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಸ್ಪ್ಯಾನಿಷ್ ಕಲಿಸಿದಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತೇವೆ. ಅವಳು ಊರಿಗೆಲ್ಲ ಶೇವಂತಿ ಅಕ್ಕೋರು. ಅಂಕೋಲೆಯಲ್ಲಿ ಸ್ಪ್ಯಾನಿಷ್ ಯಾಕೆ ಎಂದು ನೀವು ಕೇಳಬಹುದು. ಸಮುದ್ರ ಒಳಗೆ ಬಂದು ನಿಂತ ಜಾಗಕ್ಕೆ ಉಪ್ಪುಗೆರೆ ಎಂದು ಹೆಸರು. ಅದರಾಚೆ ಮೈಲುಗಟ್ಟಲೆ ಪಾಚಿ ತೋಟಗಳಿವೆ. ಈಗ ಊಟಕ್ಕೂ ಅದೇ, ದೀಪಕ್ಕೂ ಅದೇ. ಆ ತೋಟದ ಕೆಲಸ ಬಲ್ಲವರು ಪೆರು ದೇಶದಿಂದ ಸಂಸಾರ ಸಮೇತ ಬಂದು ಇಲ್ಲೇ ನೆಲೆಸಿದರು. ಹಾಗಾಗಿ ಪ್ರತಿ ತರಗತಿಯಲ್ಲಿ ಅರ್ಧ ಮಕ್ಕಳು ನಮ್ಮವರು, ಅರ್ಧ ಅವರವರು.

ಕಿವಿಗುಂಡಿ ಇಲ್ಲವೇ, ಅದು ಅನುವಾದ ಮಾಡುವುದಿಲ್ಲವೇ ಎಂದು, ಶಾಲೆಯ ಪಾಠಗಳ ಮೇಲೆ ಕಣ್ಣಿಡುವ ಪಾಠಶುದ್ಧಿ ಮಂಡಳಿಯವರೂ ಕೇಳಿದರು. ಕಿವಿಗುಂಡಿ ಎಂದರೆ ಕಿವಿಯೊಳಗೆ ಇಟ್ಟುಕೊಳ್ಳುವ, ಕಡಲೆಕಾಳಿನ ಗಾತ್ರದ ಯಂತ್ರ. ಯಾವ ಭಾಷೆಯನ್ನೂ ಕನ್ನಡ ಮಾಡಿ ಹೇಳುತ್ತದೆ, ಆದರೆ ಮೂರು ಸೆಕೆಂಡು ತಡವಾಗಿ. ಔಷಧಿ ಕೊಳ್ಳುವುದಕ್ಕೆ ಮೂರು ಸೆಕೆಂಡು ಏನೂ ಅಲ್ಲ. ನಗುವುದಕ್ಕೆ ಅದು ಒಂದು ಯುಗ. ಪೆರುವಿನ ಮಕ್ಕಳು ನಕ್ಕು ಮುಗಿಸಿದ ಮೇಲೆ ನಮ್ಮ ಮಕ್ಕಳು ನಗುತ್ತಿದ್ದರು. ತಮ್ಮನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಅವರಿಗೆ ಸಿಟ್ಟು. ಅಂಗಳದಲ್ಲಿ ಹೊಡೆದಾಟ. ಶೇವಂತಿ ಇದನ್ನು ನೋಡಿ ಹಳೇ ಸಂಗ್ರಹದಿಂದ ನಿಮ್ಮ ಕಾಲದ ಸ್ಪ್ಯಾನಿಷ್ ಸಿನಿಮಾ ತಂದಳು. ದೊಡ್ಡ ಕಲಾಕೃತಿಗಳಲ್ಲ. ಹೈಸ್ಕೂಲು ಹುಡುಗ ಹುಡುಗಿಯರ ತಮಾಷೆ ಸಿನಿಮಾ. ಪರೀಕ್ಷೆಯಲ್ಲಿ ಕಾಪಿ, ಮೊದಲ ಪ್ರೀತಿ, ಮೊಡವೆ, ಅಪ್ಪನ ಕಾರು ಕದ್ದು ಗೋಡೆಗೆ ಗುದ್ದುವುದು, ಇಂಥವು.

ಅವಳ ತರಗತಿಗೆ ಒಂದು ನೇಮವಿತ್ತು. ಕಿವಿಗುಂಡಿ ಡಬ್ಬಿಯಲ್ಲಿ ಹಾಕಬೇಕು. ಯಾರಾದರೂ ನಗುವವರೆಗೆ ಸಿನಿಮಾ ನಿಲ್ಲುವುದಿಲ್ಲ. ನಕ್ಕ ಕೂಡಲೇ ನಿಲ್ಲಿಸುತ್ತಿದ್ದಳು. "ಎಂತಕ್ಕೆ ನಗಾಡ್ದೆ? ಎದ್ದು ನಿಂತು ಹೇಳು." ಆ ಮಗು ಸ್ಪ್ಯಾನಿಷಿನಲ್ಲೇ ಕಾರಣ ಹೇಳಬೇಕು, ಉಳಿದವರು ಇನ್ನೊಮ್ಮೆ ನಗಬೇಕು, ಆಮೇಲೆ ಮುಂದೆ. ನಗಿಸುವ ಆಸೆಗೆ ಮಕ್ಕಳು ಕ್ರಿಯಾಪದ, ಕಾಲ, ಬೈಗುಳ ಎಲ್ಲ ಕಲಿತರು. ದುರ್ಗಿ ಎಂಬ ಹುಡುಗಿ ಮೀನು ಹಿಡಿಯುವ ಹರಿಕಂತರವಳು, ಬಾಯಿ ಜೋರು. ಪೆರುವಿನ ಔರೇಲಿಯೊ ಮಾತೇ ಆಡದವನು. ಒಂದು ದಿನ ಇಬ್ಬರೂ ಒಂದೇ ಕ್ಷಣಕ್ಕೆ ನಕ್ಕರು. ಶೇವಂತಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅದನ್ನು ಹೇಳಿದಳು.

ಅವಳು ನಗುವಿನ ಹಾಜರಿ ಇಡುತ್ತಿದ್ದಳು. ಎಷ್ಟನೇ ನಂಬರಿನ ಸಿನಿಮಾ (ಹೆಸರು ಬರೆಯುತ್ತಿರಲಿಲ್ಲ), ಎಷ್ಟನೇ ನಿಮಿಷ, ಮೊದಲು ನಕ್ಕವರು ಯಾರು ಎಂದು ಕೈಯಲ್ಲಿ ಬರೆದ ಹನ್ನೊಂದು ಪಟ್ಟಿ ಪುಸ್ತಕಗಳು. ತಾನು ಮಾತ್ರ ನಗುತ್ತಿರಲಿಲ್ಲ, ಸೆರಗು ಕಚ್ಚಿ ನಿಲ್ಲುತ್ತಿದ್ದಳು. ನಾನು ಅವಳನ್ನು ಕರೆದೊಯ್ಯಲು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ, ಕಿವಿಗುಂಡಿ ತೆಗೆಯದೆ. ಮೂರು ಸೆಕೆಂಡು ತಡವಾಗಿ ನಗುತ್ತಿದ್ದೆ. ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು. "ನಿಮ್ಗೆ ಗೊತ್ತಾಗೂದಿಲ್ಲ, ಸುಮ್ನೆ ಕೂತ್ಕಳಿ" ಎನ್ನುತ್ತಿದ್ದಳು. ನನಗೂ ಕಲಿಸುತ್ತೇನೆ ಎಂದು ಎಷ್ಟು ಸಲ ಹೇಳಿದಳು. ನನಗೆ ಕಾಲೇಜಿನ ಇಂಗ್ಲಿಷಿನ ಜಂಬ. ಒಂದು ಪರಭಾಷೆ ಸಾಕು ಎಂದೆ.

ಅವಳು ತೀರಿಕೊಂಡು ಎರಡು ವರ್ಷ. ಕಳೆದ ಮಳೆಗಾಲದಲ್ಲಿ ಮಂಡಳಿಯವರು ಆ ತರಗತಿಯ ಮೇಲೆ ವಿಚಾರಣೆ ಇಟ್ಟರು. ಮಕ್ಕಳು ನಗುತ್ತಾರಂತೆ, ಸಿನಿಮಾದಲ್ಲಿ ಹೆಡ್‌ಮಾಸ್ತರರ ಮರ್ಯಾದೆ ಹೋಗುತ್ತದಂತೆ. ಪಾಠ ನಿಜವಾಗಿ ನಡೆದಿತ್ತು ಎಂಬುದಕ್ಕೆ ಸಾಕ್ಷಿ ತನ್ನಿ ಎಂದರು. ನನ್ನ ಬಳಿ ಇದ್ದ ಸಾಕ್ಷಿ ಅದೊಂದೇ. ಹನ್ನೊಂದು ಪುಸ್ತಕಗಳನ್ನು ಅವಳ ಹಸಿರು ಸೀರೆಯಲ್ಲಿ ಕಟ್ಟಿ ಕೊಂಡುಹೋಗಿ ನನ್ನ ಕೈಯಾರೆ ಕೊಟ್ಟೆ. ಉಮಾಕಾಂತ ಬಳ್ಳೂರ ಎಂಬ ಅಧಿಕಾರಿ ಪುಟ ತಿರುವಿ, "ಎಷ್ಟು ಶಿಸ್ತಾಗಿ ಬರೆದಿಟ್ಟಾರ್ರೀ ನಾಯಕರ, ನಮ್ಗ ಭಾಳ ಉಪಯೋಗ ಆಗ್ತದ" ಎಂದರು. ನಾನು ಹಿಗ್ಗಿದೆ. ಆ ಅಧಿಕಾರಿಗೆ ಚಹಾ ಕೊಡಿಸಿದೆ!

ಎರಡು ತಿಂಗಳಿಗೆ ಶೋಧಿತ ಪ್ರತಿ ಬಂತು. ಶೋಧಿತ ಪ್ರತಿ ಎಂದರೆ ಮಂಡಳಿ ಸೋಸಿ ಕೊಟ್ಟದ್ದು. ಹೊಸ ಅಕ್ಕೋರು ನನ್ನನ್ನೂ ಕರೆದರು, ಹೋದೆ. ಒಂದೂವರೆ ಗಂಟೆಯ ಸಿನಿಮಾ ಮೂವತ್ತೆಂಟು ನಿಮಿಷ. ಹುಡುಗಿ ಬಾಗಿಲು ತೆರೆಯುತ್ತಾಳೆ, ಶುಭೋದಯ ಎನ್ನುತ್ತಾಳೆ, ಗ್ರಂಥಾಲಯ ಎಲ್ಲಿದೆ ಎನ್ನುತ್ತಾಳೆ. ಮಧ್ಯೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು. ಯಾರೂ ನಗಲಿಲ್ಲ. ದುರ್ಗಿ ನನ್ನ ಕಡೆ ತಿರುಗಿ, "ಅಜ್ಜಾ, ಪಿಕ್ಚರ್ ಎಲ್ಲಿ ಹೋಯ್ತು?" ಎಂದಳು. ಔರೇಲಿಯೊ ಕಿವಿಗುಂಡಿ ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಿದ್ದ.

ಆಗ ಹೊಳೆಯಿತು. ಅವರು ಕತ್ತರಿ ಹಾಕಿದ್ದು ಆ ಪುಸ್ತಕ ಇಟ್ಟುಕೊಂಡು. ಶೇವಂತಿ ಎಲ್ಲೆಲ್ಲಿ ನಗು ಎಂದು ಗುರುತು ಹಾಕಿದ್ದಳೋ, ನಿಮಿಷ ನಿಮಿಷ ಲೆಕ್ಕಹಾಕಿ ಅಲ್ಲಲ್ಲೇ ಕೊಯ್ದಿದ್ದಾರೆ. ಪಟ್ಟಿ ಕೊಟ್ಟವನು ನಾನು. ಮೂಲಪ್ರತಿ ಕೇಳಿದರೆ, ಶೋಧಿತ ಪ್ರತಿ ಆದ ಮೇಲೆ ಮೂಲವನ್ನು ಒರೆಸುವುದು ನಿಯಮ ಎಂದರು. ಹೆಸರು ಕೂಡ ಉಳಿದಿಲ್ಲ, ಪಾಠಚಿತ್ರ ಹದಿನೇಳು ಅಂತೆ. ಆ್ಯಬ್ಸೊಲ್ಯೂಟ್ ನಾನ್ಸೆನ್ಸು! ಮೇಜು ಗುದ್ದಿ ಹಾಗೆಂದೆ. ಇಂಗ್ಲಿಷು ಅವರಿಗೆ ತಿಳಿಯಲಿಲ್ಲ. ಮೂರು ಸೆಕೆಂಡು ಬಿಟ್ಟು ಅವರ ಕಿವಿಗುಂಡಿ ಹೇಳಿತು. ಅಷ್ಟರಲ್ಲಿ ನನ್ನನ್ನು ಹೊರಗೆ ಕಳಿಸಿ ಆಗಿತ್ತು.

ಈಗ ನಿಮ್ಮ ಸರದಿ. ಮಂಡಳಿಯ ಆದೇಶದ ಮೊದಲ ಪುಟದಲ್ಲಿ ನಿಮ್ಮ ಉದಾಹರಣೆ ಇದೆ. ತರಗತಿಗೆ ಸಿನಿಮಾ ತಂದು ಮೂರು ನಿಮಿಷದ ತುಂಡು ಮಾಡಿದವರು ನೀವು. ಮಗು ನಗಲು ಬಾಯಿ ತೆರೆದಾಗ ನಿಲ್ಲಿಸಿ, ಭೂತಕಾಲದ ಕ್ರಿಯಾಪದ ಗುರುತಿಸಿ ಎಂದವರು ನೀವು. ಮುಜುಗರವಾದಲ್ಲಿ ಬೇಗ ಬೇಗ ಓಡಿಸಿದವರೂ ನೀವು. ಈ ಕತ್ತರಿ ವಿದ್ಯೆಯಲ್ಲಿ ಉಮಾಕಾಂತ ಬಳ್ಳೂರರು ನಿಮ್ಮ ಮೊಮ್ಮಗ, ಅಷ್ಟೇ. ಇವತ್ತೇ ಅದನ್ನು ನಿಲ್ಲಿಸಿ. ಪೂರ್ತಿ ತೋರಿಸಿ, ಇಲ್ಲವೇ ತೋರಿಸಲೇಬೇಡಿ.

ಪುಸ್ತಕಗಳನ್ನು ವಾಪಸು ತಂದಿದ್ದೇನೆ. ಒಂಬತ್ತನೆಯದರಲ್ಲಿ, ಅದೇ ಸಿನಿಮಾದ ಐವತ್ತೆರಡನೇ ನಿಮಿಷದ ಎದುರು ಮಗುವಿನ ಹೆಸರಿಲ್ಲ. "ನಾನು" ಎಂದು ಬರೆದಿದ್ದಾಳೆ. ಇಪ್ಪತ್ತಾರು ವರ್ಷದಲ್ಲಿ ಒಂದೇ ಸಲ. ಆ ಹೊತ್ತಿಗೆ ನಾನು ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗಿದ್ದಿರಬೇಕು. ದುರ್ಗಿಯನ್ನು ಕೇಳಿದೆ, ಅದು ಅವಳಿಗಿಂತ ಹಿಂದಿನ ತಂಡ, ಆ ಸಿನಿಮಾ ಅವಳು ಇಡಿಯಾಗಿ ನೋಡಿಲ್ಲ. ನೋಡಿದವರಲ್ಲಿ ಯಾರಿಗೂ ಆ ನಿಮಿಷ ನೆನಪಿಲ್ಲ.

ನಿಮ್ಮಲ್ಲಿ ಆ ಸಿನಿಮಾ ಇನ್ನೂ ಇಡಿಯಾಗಿದೆ. ಮೂವರು ಹುಡುಗಿಯರು, ಒಂದು ಹಳದಿ ಬಸ್ಸು, ಹೆಡ್‌ಮಾಸ್ತರರ ಮನೆಯ ಆಡು. ನನಗೆ ತಿಳಿದದ್ದು ಇಷ್ಟೇ. ಹುಡುಕಿ. ಐವತ್ತೆರಡನೇ ನಿಮಿಷದಲ್ಲಿ ಏನಾಗುತ್ತದೆ ನೋಡಿ, ನಿಮ್ಮ ಮಕ್ಕಳಿಗೆ ಹೇಳಿ. ಅವರು ತಮ್ಮ ಮಕ್ಕಳಿಗೆ ಹೇಳಲಿ, ಅವರು ಅವರವರಿಗೆ. ಬರೆದಿಡಬೇಡಿ, ಬರೆದಿಟ್ಟದ್ದರ ಗತಿ ನೋಡಿದ್ದೇನೆ. ಬಾಯಿಂದ ಬಾಯಿಗೆ ಬಂದು ಯಾರಾದರೊಬ್ಬರು ದೋಣಿ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಬಾಗಿಲು ತಟ್ಟಲಿ, ಸ್ಪ್ಯಾನಿಷಿನಲ್ಲೇ ಹೇಳಲಿ. ದುರ್ಗಿ ವಾರಕ್ಕೆ ಎರಡು ಸಂಜೆ ಬಂದು ನನಗೆ ಕಲಿಸುತ್ತಿದ್ದಾಳೆ, ತಪ್ಪಿದರೆ ಬೈಯುತ್ತಾಳೆ. ಕಿವಿಗುಂಡಿ ಡಬ್ಬಿಯಲ್ಲಿದೆ.

ಈ ಸಲ ತಡವಾಗಿ ನಗುವುದಿಲ್ಲ.

ಇತಿ,
ಬೊಮ್ಮಯ್ಯ