ಆಲದ ಎಲೆಯಡಿಯ ಬೆಳ್ಳಿ ಜುಮುಕಿ

ಡೆಂಕಣಿಕೋಟೆ ಕಾಡು, ಬುಧವಾರ

ಪ್ರೀತಿಯ ಅತ್ತಿಗೆ,

ಚಿಟ್ಟೆ ಎಣಿಸುವವರ ಜೊತೆ ಕಾಡಿಗೆ ಬಂದವಳು ನಿನ್ನೆ ಆಲದ ಎಲೆಯಡಿ ಬೆಳ್ಳಿ ಜುಮುಕಿ ನೇತಾಡುವುದು ಕಂಡು ಕೈ ಹಾಕಿದೆ. ನಮಗೆ ದಾರಿ ತೋರಿಸುವ ಕೊಂಡಪ್ಪ ತಡೆದ. “ಒಡವೆ ಅಲ್ಲ ಕಣಮ್ಮ, ಹುಳ ಗೂಡು ಕಟ್ಕೊಂಡು ಮಲಗೈತೆ. ಕಪ್ಪಾಗ್ತಾ ಐತೆ ನೋಡಿ, ಬೆಳಿಗ್ಗೆ ಹೊರಕ್ ಬತ್ತದೆ.”

ಇವತ್ತು ಎಣಿಕೆಗೆ ಹೊರಟ ಜೀಪು ಹತ್ತದೆ, ಉಪ್ಪಿಟ್ಟೂ ಬಿಟ್ಟು, ಅದರ ಮುಂದೆಯೇ ಕೂತೆ. ಎಂಟು ಗಂಟೆಗೆ ಗೂಡು ಬಿರಿದು, ಒದ್ದೆ ಕರ್ಚೀಫಿನಂಥ ಕಪ್ಪು ರೆಕ್ಕೆ ಜೋತುಬಿತ್ತು. ಮೆಲ್ಲಗೆ ಅರಳಿತು. ಅಂಚಿನ ಎರಡು ಸಾಲು ಬಿಳಿ ಚುಕ್ಕಿ ನೋಡಿ, ಪುಸ್ತಕ ತಿರುವಿ, ‘ಕಾಮನ್ ಕ್ರೋ’ ಚಿಟ್ಟೆ ಎಂದು ನಾನೇ ಗುರುತು ಹಿಡಿದೆ. ಅದು ನನ್ನ ಬೆರಳಿಗೆ ಹತ್ತಿ, ಸ್ವಲ್ಪ ಹೊತ್ತು ಕೂತು ಹಾರಿತು. ಅರವತ್ತೆರಡರ ನಾನು ಕುಣಿದೇಬಿಟ್ಟೆ, ಅತ್ತಿಗೆ. “ಕಾಲು ಜೋಪಾನ ಕಣಮ್ಮ” ಅಂತ ಕೊಂಡಪ್ಪನೂ ನಕ್ಕ.

ಮಂಡಿನೋವಿಲ್ಲ, ಬಿಪಿ ಮಾತ್ರೆ ತಪ್ಪಿಸಿಲ್ಲ. ಇಲ್ಲಿ ಫೋನ್ ಸಿಗದು. ಕಾರ್ಡನ್ನು ಅಂಚೆಗೆ ಹಾಕಲು ಕೊಂಡಪ್ಪ ಸೈಕಲ್ ಹಿಡಿದು ನಿಂತಿದ್ದಾನೆ, ಶನಿವಾರದೊಳಗೆ ನಿಮಗೆ ತಲುಪಲೇಬೇಕು. ಭಾನುವಾರ ನಮ್ಮ ಮತ್ತಿಗಿರಿ ಮನೆಯ ಕಣಗಲೆ ಗಿಡಕ್ಕೆ ಹುಳದ ಔಷಧಿ ಹೊಡೆಸುತ್ತೇನೆ ಅಂದಿದ್ದಿರಲ್ಲ, ಹೊಡೆಸಬೇಡಿ. ಅದರ ಎಲೆ ಮೇಯುತ್ತಿರುವ ಎಂಟು ಕೊಂಬಿನ ಹುಳಗಳು ಇದೇ ಜಾತಿಯ ಚಿಟ್ಟೆಯ ಮರಿಗಳು.

ನಿಮ್ಮ ನಾದಿನಿ,
ರಾಧಾಮಣಿ