ಗುಜರಿಯ ಮೇಲೊಂದು ಚೀಲ, ಕೆಳಗೊಂದು ಚೀಲ

ಬ್ಲೇಡನ್ಸ್‌ಬರ್ಗ್, ಮೇರಿಲ್ಯಾಂಡ್
ಸೆಪ್ಟೆಂಬರ್ ೯, ಮಂಗಳವಾರ

ಪ್ರೀತಿಯ ಹಾರ್ಲನ್,

ನಿನ್ನ ಅಕ್ಕನ ಮನೆಯ ಊಟ ಮೈಗೆ ಹತ್ತಿದೆ ಎಂದು ಕೇಳಿದೆ. ಸಂತೋಷ. ಇನ್ನು ಬಟ್ಟೆ ಕಟ್ಟಿಕೊಂಡು ಹೊರಡು.

"ತೊರೆ ಕೆಡ್ಸಿದ್ದು ನಮ್ಮ ಗುಜರೀನಾ ಅಲ್ವಾ ಅಂತ ಗೊತ್ತಾಗೋವರ್ಗೂ ಈ ಗೇಟು ದಾಟಲ್ಲ" ಎಂದು ಹೇಳಿ ನೀನು ಅಕ್ಕನ ಊರಾದ ನಾರ್ಫೋಕ್‌ನ ಬಸ್ಸು ಹತ್ತಿದೆ. ನಮ್ಮ ಗುಜರಿಯ ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆ ನೀರಿಗೆ ಸೋರಿಯೇ ತೊರೆಯ ದಡದಲ್ಲಿ ಮೀನು ತಿನ್ನಬಾರದೆಂಬ ಫಲಕ ಹಾಕಿದರೆಂದು ಊರು ಆಡಿಕೊಂಡಿತು. ಎಲ್ಲರಿಗಿಂತ ಜೋರಾಗಿ ನನ್ನಣ್ಣ ಲೆಮ್ಯುಯೆಲ್. ಆದರೆ ಊರ ಬಾಯಿಗೆ ಹೆದರಿ ಹೋಗುವ ಗಂಡಸಲ್ಲ ನೀನು. ನಿನಗೇ ಅನುಮಾನವಿತ್ತು.

ನಾನು ಅನುಮಾನವನ್ನೂ ತೂಕಕ್ಕೆ ಹಾಕುವವಳು. ತೊರೆ ಪರೀಕ್ಷೆಗೆಂದು ಕಾಲೇಜಿನಿಂದ ಬರುವ ಪ್ರಿಸಿಲ್ಲಾಳನ್ನು ಹಿಡಿದೆ. ಅವಳು ಶುದ್ಧ ನೀರಿನ ಕಪ್ಪೆಚಿಪ್ಪುಗಳನ್ನು ತಂದು, ಬಲೆಚೀಲಕ್ಕೆ ತುಂಬಿ ತೊರೆಯಲ್ಲಿ ಮುಳುಗಿಸಿಡುತ್ತಾಳೆ. ಅವಕ್ಕೆ ನೀರು ಸೋಸುವುದೇ ಬದುಕು. ನೀರಿನ ವಿಷ ಮೆಲ್ಲಗೆ ಅವುಗಳ ಮಾಂಸದಲ್ಲಿ ಕೂರುತ್ತದೆ. ಕೆಲವು ವಾರ ಬಿಟ್ಟು ತೆಗೆದು ನೋಡಿದರೆ ಆಯಿತು. ನಮ್ಮ ಅಂಗಳದ ಮೇಲ್ಗಡೆ, ನೀರು ಬರುವಲ್ಲಿ ಒಂದು ಚೀಲ; ಕೆಳಗಡೆ, ನೀರು ಅಂಗಳ ದಾಟಿ ಹೋಗುವಲ್ಲಿ ಒಂದು. ಖಾಲಿ ಲಾರಿ ತೂಗಿ, ತುಂಬಿದ ಲಾರಿ ತೂಗಿ, ವ್ಯತ್ಯಾಸಕ್ಕೆ ಬೆಲೆ ಕಟ್ಟುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಆಮೇಲೆ ನಡೆದದ್ದು ಕೇಳು. ಒಂದು ಭಾನುವಾರ ಬೇಲಿಯಾಚೆಯಿಂದ ಏಡಿ ಮಸಾಲೆಯ ಘಮ. ಹೋಗಿ ನೋಡಿದರೆ ಲೆಮ್ಯುಯೆಲ್‌ನ ಒಲೆಯ ಮೇಲೆ ಪ್ರಿಸಿಲ್ಲಾಳ ಚಿಪ್ಪುಗಳು. ದಡದಲ್ಲಿ ಹಗ್ಗ ಕಂಡಿತಂತೆ, ಯಾರೋ ಬಿಟ್ಟುಹೋದ ಬಲೆ ಎಂದು ಎಳೆದನಂತೆ.

"ಅಣ್ಣಾ, ಈ ತೊರೆ ವಿಷ ಅಂತ ಚರ್ಚಲ್ಲಿ ಮೈಕ್ ಹಿಡ್ಕೊಂಡು ಹೇಳ್ದೋನು ನೀನೇ ತಾನೆ?"

"ನಾನು ಹೇಳಿದ್ದು ಮೀನಿನ ವಿಷ್ಯ, ವರ್ಡೆಲ್. ಚಿಪ್ಪಿನ ಬಗ್ಗೆ ಬಾಯೇ ಬಿಟ್ಟಿಲ್ಲ."

"ಸರಿ, ತಿನ್ನು. ಚಿಪ್ಪಿನ ಬದ್ಲು ನಿನ್ನನ್ನೇ ಪರೀಕ್ಷೆಗೆ ಕಳಿಸ್ತೀನಿ."

ಸೌಟು ಕೆಳಗಿಟ್ಟ. ಪ್ರಿಸಿಲ್ಲಾ ಬೈಯಲಿಲ್ಲ; ಎರಡೂ ಕಡೆ ಹೊಸ ಚೀಲ ಇಳಿಸಿದಳು. ಈಗ ಅಣ್ಣ ಮಡಚುವ ಕುರ್ಚಿ ಹಾಕಿಕೊಂಡು ದಡದಲ್ಲಿ ಕೂತು, ಚಿಪ್ಪಿಗೆ ಬಾಯಿ ಹಾಕಲು ಬರುವ ರಕೂನ್‌ಗಳನ್ನು ಓಡಿಸುತ್ತಾನೆ. ಸಂಜೆಯಾದರೆ "ಹಾರ್ಲನ್ ಬಂದ್ನಾ?" ಎನ್ನುತ್ತಾನೆ. ಅವನ ಬಾಯಲ್ಲಿ ಅದು ಕ್ಷಮಾಪಣೆ ಎಂದು ತಿಳಿ.

ಶನಿವಾರದ ಬಸ್ಸಿಗೆ ಬಾ. ಸಿಹಿಗೆಣಸಿನ ಪೈ ಮಾಡಿರುತ್ತೇನೆ.

ನಿನ್ನವಳೇ ಆದ,
ವರ್ಡೆಲ್

ಮರೆತ ಮಾತು: ಹೊಸ ಚೀಲಗಳು ಇನ್ನೂ ನೀರಿನಲ್ಲೇ ಇವೆ. ಅಕ್ಟೋಬರ್‌ವರೆಗೆ ನನಗೂ ಏನೂ ಗೊತ್ತಾಗುವುದಿಲ್ಲ. ಉತ್ತರ ಬಂದ ಮೇಲೆ ನೀನು ಬಂದರೆ, ನಾನು ಕರೆದೆನೆಂದಲ್ಲ, ಚಿಪ್ಪುಗಳು ಕರೆದವೆಂದು ನೀನು ಬಂದೆ ಅಂದುಕೊಳ್ಳುತ್ತೇನೆ. ಅದಕ್ಕೇ ಈಗಲೇ ಬಾ ಎನ್ನುತ್ತಿದ್ದೇನೆ. ತಪ್ಪು ನಮ್ಮದೇ ಎಂದಾದರೆ ಗುಜರಿ ಮುಚ್ಚೋಣ. ಆ ಗೇಟನ್ನು ಎಳೆಯಲು ಇಬ್ಬರು ಬೇಕು. ನೀನು ಹೋದಂದಿನಿಂದ ಅದು ತೆರೆದೇ ಇದೆ.