ದವಾಖಾನೆಯ ಗೋಡೆಯ ಚಪಾತಿ

ಆರೋಗ್ಯ ಪ್ರಚಾರದ ಹಾಳೆಗಳನ್ನು ಬರೆಸಿ ಹಂಚುವ ಅಧಿಕಾರಿಗಳಿಗೆ,

ಮಾನ್ಯರೇ, ನಮ್ಮೂರ ದವಾಖಾನೆಯ ಗೋಡೆಗೆ ನೀವು ಅಂಟಿಸಿದ ಹಾಳೆಯನ್ನು ಮೊದಲು ಕಿತ್ತು ಹಾಕಿಸಿ. ‘ಸಕ್ಕರೆ ಕಾಯಿಲೆಯವರು ಅನ್ನ ಬಿಡಿ, ಚಪಾತಿ ತಿನ್ನಿ, ಮುಂಜಾನೆ ಉದ್ಯಾನದಲ್ಲಿ ತಿರುಗಾಡಿ’ ಎಂದು ಅದರಲ್ಲಿ ಬಣ್ಣದ ಅಕ್ಷರಗಳಿವೆ. ಜೇವರ್ಗಿ ತಾಲೂಕಿನ ಯಾವ ಹಳ್ಳಿಯಲ್ಲಿ ಉದ್ಯಾನ ಕಂಡಿರಿ? ನಾವು ಮೂರು ಹೊತ್ತೂ ಅನ್ನ ಉಣ್ಣುವವರೆಂದು ತಮಗೆ ಹೇಳಿದ ಪುಣ್ಯಾತ್ಮರು ಯಾರು?

ನನ್ನ ಹೆಂಡತಿ ಗುರುಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಬೆಳೆದವಳು. ನಸುಕಿನಲ್ಲೇ ಬೀಸುಕಲ್ಲಿಗೆ ಕೂಡುತ್ತಿದ್ದಳು, ಹಳ್ಳದಿಂದ ನೀರು ಹೊರುತ್ತಿದ್ದಳು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು, ಮನೆಯೆದುರು ಬೋರಿಂಗ್ ಬಂತು. ಅವಳಿಗೆ ಸುಖವಾಯಿತು, ಅದನ್ನು ನಾನು ದೂರುವುದಿಲ್ಲ. ಆದರೆ ಮೈ ದುಡಿಯುವುದು ನಿಂತು, ಬಂದವರ ಜೊತೆ ಕುಡಿಯುವ ಸಿಹಿ ಚಹಾ ಹೆಚ್ಚಾಯಿತು. ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು.

ನಿಮ್ಮ ಹಾಳೆಯನ್ನು ಓದಿಸಿಕೊಂಡು ಅವಳು ರೊಟ್ಟಿ ಬಿಟ್ಟಳು. ಚಪಾತಿಯೇ ಔಷಧವೆಂದು ನಂಬಿದಳು. ನಮ್ಮ ಕಡೆ ಚಪಾತಿ ಹಬ್ಬಕ್ಕೆ, ಬೀಗರಿಗೆ ಮಾಡುವ ಊಟ. ಬೆಲ್ಲ ತುಪ್ಪವಿಲ್ಲದೆ ಅದನ್ನು ಯಾರೂ ಮುಟ್ಟುವುದಿಲ್ಲ. ಇದನ್ನು ತಾವು ಯಾರನ್ನಾದರೂ ಕೇಳಿದ್ದಿರಾ? ಇನ್ನು ತಿರುಗಾಟ. ಅವಳು ರಸ್ತೆಗಿಳಿದ ಮೊದಲ ದಿನವೇ ಪಕ್ಕದ ಮನೆಯ ಕುಲಸುಮಬಿ, “ಯಾಕ್ರಿ ಅಕ್ಕಾ, ಗಂಡನ ಕೂಡ ಜಗಳಾಡಿ ತವರಮನಿಗಿ ಹೊಂಟೀರೇನು?” ಎಂದು ಕೇಳಿದಳು. ಗುರುಬಾಯಿ ನಾಚಿ ಮನೆ ಸೇರಿದವಳು ಮತ್ತೆ ಹೋಗಲಿಲ್ಲ.

ಹೋದ ಸುಗ್ಗಿಯಲ್ಲಿ ಅವಳ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಗಾಯ ಮಾಯಲೇ ಇಲ್ಲ. ಪೇಟೆಯ ಡಾಕ್ಟರು, “ಏನೇನು ಊಟ ಮಾಡ್ತೀರಿ ಅವ್ವಾ?” ಎಂದು ಕೇಳಿದರು.

“ನೀವು ಗೋಡಿಗಿ ಹಚ್ಚಿದ ಹಾಳ್ಯಾಗ ಬರದಂಗೇ ರೀ. ಎರಡೂ ಹೊತ್ತು ಚಪಾತಿ, ಬೆಲ್ಲ ತುಪ್ಪ ಕಲಸಿ ತಿಂತೇನ್ರಿ. ಒಂದ್ ದಿನಾನೂ ತಪ್ಪಿಸಿಲ್ರಿ,” ಎಂದಳು, ಭೇಷ್ ಎನ್ನುತ್ತಾರೆಂಬ ಆಸೆಯಿಂದ. ಡಾಕ್ಟರು ನನ್ನ ಮುಖ ನೋಡಿದರು. ಅವಳ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು.

ಆ ಒಂದು ಹಾಳೆಯಿಂದಲೇ ಬೆರಳು ಹೋದವೆನ್ನುವಷ್ಟು ದಡ್ಡ ನಾನಲ್ಲ. ಹೇಳಿದ್ದು ಕೇಳದೆ ಹಾಳಾದವರ ಕತೆ ನಿಮ್ಮ ಕಚೇರಿಯಲ್ಲಿ ಬೇಕಾದಷ್ಟಿರಬಹುದು. ಇವಳು ಕೇಳಿದಳು ಸ್ವಾಮಿ. ಅದಕ್ಕೇ ನನಗಿಷ್ಟು ಸಿಟ್ಟು.

ಹೊಸ ಹಾಳೆ ಬರೆಸುವ ಮೊದಲು ನಿಮ್ಮವರೊಬ್ಬರು ನಮ್ಮ ಮನೆಗೆ ಬಂದು ಒಲೆಯ ಮುಂದೆ ಕೂಡಲಿ. ನಾವು ಏನನ್ನು ಯಾವುದರ ಜೊತೆ ತಿನ್ನುತ್ತೇವೆ, ನಮ್ಮ ಹೆಣ್ಣುಮಕ್ಕಳು ನಗೆಪಾಟಲಾಗದೆ ಎಲ್ಲಿ ನಡೆಯಬಹುದು ಎಂದು ನೋಡಿ ಬರೆಯಲಿ. ಅವರಿಗೆ ರೊಟ್ಟಿ ನಾನೇ ಬಡಿದು ಕೊಡುತ್ತೇನೆ. ಒಲೆಯ ಮುಂದೆ ಕಾಲು ಮಡಿಚಿ ಕೂಡುವುದು ಗುರುಬಾಯಿಗೆ ಈಗ ಆಗುವುದಿಲ್ಲ.

ಇಂತಿ,
ರೊಟ್ಟಿ ಇನ್ನೂ ದುಂಡಗೆ ಬಾರದ
ಚಂದ್ರಾಮಪ್ಪ
ಜೇವರ್ಗಿ ತಾಲೂಕು, 1988